ರಾಡಿ ತುಂಬಿದ ಇಟಿಪಿ ಹೊಂಡಕ್ಕೆ ಮತ್ತೆ ಜೀವ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ, ಔಷಧ ಮತ್ತು ಕೆಮಿಕಲ್ ಘಟಕಗಳಲ್ಲಿ ಇಟಿಪಿ (ಕೊಳೆ ನೀರು ಶುದ್ಧೀಕರಿಸುವ ವ್ಯವಸ್ಥೆ) ನೋಡಿಕೊಳ್ಳುವವರು ಕೇಳುವ ಪ್ರಶ್ನೆಗಳಿವು. ಒಂದೆರಡು ಪ್ರಶ್ನೆ ಪಕ್ಕದ ಹೊಲದ ರೈತರವು. ಅವರಿಗೂ ಉತ್ತರ ಸಿಗಬೇಕು ಅಲ್ವಾ? ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನಮ್ಮ ಲಗೂನ್ (ಕೊಳೆ ನೀರಿನ ಹೊಂಡ) ಅಂಚಿನವರೆಗೂ ತುಂಬಿದೆ. ಆದರೂ ಸಾಮರ್ಥ್ಯ ಕಡಿಮೆಯಾಗಿದೆ ಅನ್ನುತ್ತಾರೆ. ಅದು ಹೇಗೆ?

ಮೇಲಿಂದ ನೋಡಿದರೆ ನೀರು ಮಾತ್ರ ಕಾಣುತ್ತದೆ. ಕೆಳಗೆ ಎಷ್ಟು ಜಾಗವನ್ನು ಕೆಸರು ತಿಂದಿದೆ ಅನ್ನುವುದು ಕಾಣುವುದಿಲ್ಲ. ಒಂದು ಲೆಕ್ಕ ಹಾಕೋಣ. 100 ಮೀಟರ್ ಉದ್ದ, 50 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ. ಬದಿಯ ಇಳಿಜಾರನ್ನು ಸದ್ಯಕ್ಕೆ ಬಿಟ್ಟರೆ 15,000 ಘನ ಮೀಟರ್. ದಿನಕ್ಕೆ 1,000 ಘನ ಮೀಟರ್ ನೀರು ಬಂದರೆ, ಆ ನೀರು ಹೊಂಡದಲ್ಲಿ 15 ದಿನ ನಿಲ್ಲುತ್ತದೆ. ಬ್ಯಾಕ್ಟೀರಿಯಾ ತಮ್ಮ ಕೆಲಸ ಮಾಡುವುದು ಈ 15 ದಿನಗಳಲ್ಲೇ.

ಈಗ ತಳದಲ್ಲಿ 1.8 ಮೀಟರ್ ರಾಡಿ ಕೂತಿದೆ ಅಂದುಕೊಳ್ಳಿ. ಉಳಿದ ಜಾಗ 6,000 ಘನ ಮೀಟರ್. ನೀರು ನಿಲ್ಲುವುದು 6 ದಿನ ಮಾತ್ರ. ಬಿಒಡಿ (ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ, ಅಂದರೆ ಕೊಳೆಯ ಅಳತೆ) ಇಳಿಯುವ ದರವನ್ನು ದಿನಕ್ಕೆ 0.5 ಅಂತ ಹಿಡಿದು ಸರಳ ಸೂತ್ರಕ್ಕೆ ಹಾಕಿದರೆ, ಒಳಗೆ ಬಂದ ಲೀಟರಿಗೆ 1,500 ಮಿಲಿಗ್ರಾಂ ಬಿಒಡಿ ಮೊದಲು ಸುಮಾರು 175ಕ್ಕೆ ಇಳಿಯುತ್ತಿತ್ತು. ಈಗ ಇಳಿಯುವುದು 375ಕ್ಕೆ. ಕಾರ್ಖಾನೆ ಬದಲಾಗಿಲ್ಲ, ನೀರೂ ಬದಲಾಗಿಲ್ಲ. ಔಟ್‌ಲೆಟ್‌ನ ಬಿಒಡಿ ಮಾತ್ರ ಎರಡು ಪಟ್ಟಿಗೂ ಜಾಸ್ತಿಯಾಯಿತು.

ನಿಜದಲ್ಲಿ ಪರಿಸ್ಥಿತಿ ಇದಕ್ಕಿಂತ ಕೆಟ್ಟದಾಗಿರುತ್ತದೆ. ಕೆಸರು ಸಮನಾಗಿ ಕೂರುವುದಿಲ್ಲ. ಇನ್‌ಲೆಟ್ ಹತ್ತಿರ ಗುಡ್ಡೆ, ಮೂಲೆಗಳಲ್ಲಿ ದಿಬ್ಬ, ನಡುವೆ ಒಂದು ಕಾಲುವೆ. ನೀರು ಸುಲಭದ ದಾರಿ ಹಿಡಿದು ಆ ಕಾಲುವೆಯಲ್ಲೇ ಔಟ್‌ಲೆಟ್ ಸೇರುತ್ತದೆ. ಕಾಗದದ ಮೇಲೆ 6 ದಿನ ಇದ್ದರೂ ಒಂದಷ್ಟು ನೀರು ಒಂದೆರಡು ದಿನಕ್ಕೇ ಹೊರಗೆ ಬಂದಿರುತ್ತದೆ.

ಈ 1,000 ಘನ ಮೀಟರ್ ಸುಮ್ನೆ ಹೇಳಿದ ಸಂಖ್ಯೆ ಅಲ್ಲ. 2016ರ ಕೇಂದ್ರ ಅಧಿಸೂಚನೆ ಪ್ರಕಾರ ಸಕ್ಕರೆ ಕಾರ್ಖಾನೆ ಅರೆಯುವ ಪ್ರತಿ ಟನ್ ಕಬ್ಬಿಗೆ ಹೊರಬಿಡಬಹುದಾದ ನೀರು 200 ಲೀಟರ್. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಗೆ ಅದು 1,000 ಘನ ಮೀಟರ್ ಆಗುತ್ತದೆ.

ಇಷ್ಟೊಂದು ರಾಡಿ ಬರುವುದು ಎಲ್ಲಿಂದ?

ಮೂರು ಕಡೆಯಿಂದ. ನೀರಿನ ಜೊತೆಗೇ ಬರುವ ಮಣ್ಣು, ಮರಳು, ಬೂದಿ, ಸುಣ್ಣ ಒಂದು. ಕೊಳೆಯನ್ನು ತಿಂದು ಬೆಳೆದು ಸತ್ತ ಬ್ಯಾಕ್ಟೀರಿಯಾಗಳ ರಾಶಿ ಎರಡನೆಯದು. ಶುದ್ಧೀಕರಣಕ್ಕೆಂದು ನಾವೇ ಹಾಕುವ ಆಲಂ, ಸುಣ್ಣ, ಫೆರಿಕ್ ಕ್ಲೋರೈಡ್‌ನಿಂದ ಆಗುವ ಕೆಮಿಕಲ್ ಕೆಸರು ಮೂರನೆಯದು.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಮಣ್ಣು, ಹಿಂಡಿದ ಕಬ್ಬಿನ ಸಿಪ್ಪೆ ಅಂದರೆ ಬಗಾಸ್‌ನ ಪುಡಿ, ಬಾಯ್ಲರ್ ಹೊಗೆ ತೊಳೆಯುವ ಸ್ಕ್ರಬ್ಬರ್‌ನ ಬೂದಿ ನೀರು ಹೆಚ್ಚು. ಔಷಧ ಘಟಕದಲ್ಲಿ ಕೆಮಿಕಲ್ ಕೆಸರು ಮತ್ತು ಉಪ್ಪು. ಇವೆರಡನ್ನೂ ಒಂದೇ ರೀತಿ ನೋಡಿಕೊಳ್ಳಲು ಹೋದವರು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ.

ಕೆಸರು ಎಷ್ಟಿದೆ ಅಂತ ಅಳೆಯುವುದು ಹೇಗೆ? ಅಂದಾಜು ಸಾಲದೇ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರ ಓದುವ ಸಮಯವಿದ್ದರೆ ಇದನ್ನು ಓದಿ. ಹೊಸ ಹೊಂಡ ಕಟ್ಟಲು ಲಕ್ಷಗಟ್ಟಲೆ ಕೋಟೇಶನ್ ತರಿಸಿಕೊಳ್ಳುವವರು, ಇರುವ ಹೊಂಡದೊಳಗೆ ಏನಿದೆ ಅಂತ ಒಂದು ದಿನ ಕೂತು ಅಳೆದಿರುವುದಿಲ್ಲ. ಇದು ನನಗೆ ತುಂಬಾ ಬೇಸರ ತರಿಸುವ ವಿಷಯ.

ಬೇಕಾಗುವುದು ಒಂದು ಚಪ್ಪಟೆ ತಳದ ದೋಣಿ, ಲೈಫ್ ಜಾಕೆಟ್, ಅಳತೆ ಗುರುತು ಹಾಕಿದ ಉದ್ದ ಕೋಲು, ಪಾರದರ್ಶಕ ಅಕ್ರಿಲಿಕ್ ಕೊಳವೆ. ಕೊಳವೆಯ ಕೆಳತುದಿಯಲ್ಲಿ ಒಂದು ವಾಲ್ವ್ ಇರುತ್ತದೆ. ನಿಧಾನಕ್ಕೆ ತಳದವರೆಗೆ ಇಳಿಸಿ ಮೇಲೆತ್ತಿದರೆ, ನೀರು ಎಲ್ಲಿಯವರೆಗೆ, ಕೆಸರು ಎಲ್ಲಿಂದ ಅಂತ ಕಣ್ಣಿಗೇ ಕಾಣುತ್ತದೆ. ಕೊಳವೆ ಸಿಗದಿದ್ದರೆ ಕೋಲಿಗೆ ಬಿಳಿ ಟವೆಲ್ ಸುತ್ತಿ ಇಳಿಸಿ. ಒಂದು ನಿಮಿಷ ಬಿಟ್ಟು ನೇರವಾಗಿ ಮೇಲೆತ್ತಿ. ಟವೆಲ್‌ಗೆ ಕಪ್ಪು ಹತ್ತಿದ ಎತ್ತರವೇ ಕೆಸರಿನ ದಪ್ಪ. ಹಳೆಯ ವಿಧಾನ, ಆದರೆ ನಂಬಬಹುದು. ಕೋಲಿನ ತುದಿ ಮೊಂಡಾಗಿರಲಿ. ಇಲ್ಲದಿದ್ದರೆ ಸೋರದಂತೆ ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ, ಅಂದರೆ ಲೈನರ್‌ಗೆ ತೂತು ಬೀಳುತ್ತದೆ.

ಹೊಂಡದ ಮೇಲೆ 10 ಮೀಟರ್ ಚೌಕಗಳನ್ನು ಗುರುತಿಸಿ. ಮೇಲೆ ಹೇಳಿದ ಹೊಂಡಕ್ಕೆ 50 ಚೌಕಗಳಾಗುತ್ತವೆ. ಪ್ರತಿ ಚೌಕದ ನಡುವೆ ಎರಡು ಅಳತೆ ತೆಗೆಯಿರಿ: ಕೆಸರಿನ ಮೇಲ್ಮೈ ಎಷ್ಟು ಆಳದಲ್ಲಿದೆ, ಗಟ್ಟಿ ತಳ ಎಷ್ಟು ಆಳದಲ್ಲಿದೆ. ವ್ಯತ್ಯಾಸವನ್ನು 100 ಚದರ ಮೀಟರ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ಇಷ್ಟೇ ಲೆಕ್ಕ. ಇದನ್ನೇ ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸಿದರೆ ನೀರು ಯಾವ ದಾರಿಯಲ್ಲಿ ಓಡುತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ಸೋನಾರ್ ಬಳಸುವವರಿದ್ದಾರೆ. ಮೇಲಿನ ಕೆಸರು ತೀರಾ ತೆಳುವಾಗಿದ್ದರೆ ಅಥವಾ ಗ್ಯಾಸ್ ಗುಳ್ಳೆಗಳಿದ್ದರೆ ಸೋನಾರ್ ತಪ್ಪು ತೋರಿಸುತ್ತದೆ. ಕೆಲವು ಕಡೆಯಾದರೂ ಕೋಲಿನಿಂದ ಸರಿನೋಡಿ.

ಹಾಗೇ ಐದಾರು ಜಾಗದಿಂದ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕೊಡಿ. ಎರಡು ಸಂಖ್ಯೆ ಖಂಡಿತ ಬೇಕು. ಮೊದಲನೆಯದು, ನೂರು ಭಾಗದಲ್ಲಿ ಒಣ ಪದಾರ್ಥ ಎಷ್ಟು. ಎರಡನೆಯದು, ಆ ಒಣ ಪದಾರ್ಥವನ್ನು 550 ಡಿಗ್ರಿಯಲ್ಲಿ ಸುಟ್ಟಾಗ ಹಾರಿಹೋಗುವ ಭಾಗ ಎಷ್ಟು. ಸುಟ್ಟುಹೋಗುವುದು ಹೆಚ್ಚುಕಡಿಮೆ ಸಾವಯವ. ಉಳಿಯುವುದು ಮಣ್ಣು, ಬೂದಿ, ಸುಣ್ಣ. ಮುಂದಿನ ಎಲ್ಲ ತೀರ್ಮಾನ ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ.

ಎಷ್ಟು ತುಂಬಿದಾಗ ತೆಗೆಯಬೇಕು?

ಗಾಳಿ ಹಾಕದ ಹೊಂಡಗಳಲ್ಲಿ ಆಳದ ಮೂರನೇ ಒಂದು ಭಾಗ ಕೆಸರಾದಾಗ ತೆಗೆಯುವುದು ರೂಢಿ. ನೀರಿಗೆ ಗಾಳಿ ಬೆರೆಸುವ ಏರೇಟರ್ ಇರುವ ಹೊಂಡದಲ್ಲಿ ಅದಕ್ಕೂ ಮೊದಲೇ ಯೋಚಿಸಿ. ಔಟ್‌ಲೆಟ್ ಹತ್ತಿರ ಕೆಸರು ಏರುತ್ತಿದ್ದರೆ ಸರಾಸರಿ ನೋಡುತ್ತ ಕೂರಬೇಡಿ.

ಮಾರ್ಚ್ ದಾಟಿದ ಕೂಡಲೇ ಗಬ್ಬು ವಾಸನೆ ಶುರುವಾಗುತ್ತದೆ. ಚಳಿಗಾಲದಲ್ಲಿ ಇರಲಿಲ್ಲ. ಯಾಕೆ?

ನಮ್ಮ ಭಾಗದ ಬಿಸಿಲು ನಿಮಗೆ ಗೊತ್ತೇ ಇದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ನೀರು ಬಿಸಿಯಾದಂತೆ ತಳದ ಕೆಸರಿನಲ್ಲಿ ಆಮ್ಲಜನಕ ಇಲ್ಲದೇ ಬದುಕುವ ಬ್ಯಾಕ್ಟೀರಿಯಾಗಳು ಚುರುಕಾಗುತ್ತವೆ. ಚಳಿಗಾಲವಿಡೀ ಸುಮ್ಮನೆ ಕೂತಿದ್ದ ಕೆಸರು ಕೊಳೆಯತೊಡಗುತ್ತದೆ. ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಗುಳ್ಳೆಗಳು ಕೆಸರಿನ ಹೆಂಟೆಗಳನ್ನೇ ಮೇಲಕ್ಕೆ ಎತ್ತಿ ತರುತ್ತವೆ. ಜೊತೆಗೆ ಕೆಸರಿನೊಳಗಿದ್ದ ಅಮೋನಿಯಾ, ರಂಜಕ, ಕರಗಿದ ಕೊಳೆ ಮತ್ತೆ ನೀರಿಗೆ ಸೇರುತ್ತವೆ. ಎರಡು ವರ್ಷದ ಹಿಂದೆ ಶುದ್ಧವಾಗಿ ಹೋಯಿತು ಅಂದುಕೊಂಡ ಕೊಳೆಯೂ ವಾಪಸ್ ಬರುತ್ತದೆ.

ಇದೇ ಹೊತ್ತಿಗೆ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. 35 ಡಿಗ್ರಿಯಲ್ಲಿ ಸುಮಾರು 7 ಮಾತ್ರ. ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುತ್ತದೆ. ಹಾಗಾಗಿ ವಾಸನೆ ಮುಚ್ಚುವ ಸುಗಂಧದ ದ್ರಾವಣ ಸಿಂಪಡಿಸುವುದು ಹಣ ದಂಡ. ಪಕ್ಕದ ಊರಿನ ಮಕ್ಕಳು ರಾತ್ರಿ ಉಸಿರಾಡುವುದು ಅದೇ ಗಾಳಿಯನ್ನು.

ಬ್ಯಾಕ್ಟೀರಿಯಾ ಪುಡಿ, ಎಂಜೈಮ್ ಹಾಕಿದರೆ ಕೆಸರು ಕರಗಿಹೋಗುತ್ತದೆ ಅನ್ನುತ್ತಾರೆ. ನಿಜವೇ?

ಒಂದು ಪಾಲು ನಿಜ. ಆ ಪಾಲು ಎಷ್ಟು ಅನ್ನುವುದನ್ನು ಲ್ಯಾಬ್ ಸಂಖ್ಯೆ ಹೇಳುತ್ತದೆ.

ನಮ್ಮ ಉದಾಹರಣೆಯ ಹೊಂಡದಲ್ಲಿ 9,000 ಘನ ಮೀಟರ್ ಕೆಸರಿದೆ. ಅದರಲ್ಲಿ ಒಣ ಪದಾರ್ಥ ಶೇ. 6 ಅಂದರೆ ಸುಮಾರು 540 ಟನ್. ಉಳಿದದ್ದೆಲ್ಲ ನೀರು! ಈ 540 ಟನ್‌ನಲ್ಲಿ ಶೇ. 60 ಸಾವಯವ ಅಂದರೆ 324 ಟನ್. ಅದರ ಅರ್ಧವನ್ನು ಬ್ಯಾಕ್ಟೀರಿಯಾ ಜೀರ್ಣಿಸಿದರೂ 162 ಟನ್ ಹೋಗುತ್ತದೆ. 378 ಟನ್ ಅಲ್ಲೇ ಇರುತ್ತದೆ. ಬೂದಿ, ಮರಳು, ಸುಣ್ಣವನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲೂ ಇಲ್ಲ. ಸಾವಯವ ಭಾಗ ಶೇ. 30ಕ್ಕಿಂತ ಕಡಿಮೆ ಇದ್ದರೆ ಪುಡಿ ಕೊಳ್ಳುವ ಯೋಚನೆಯನ್ನೇ ಬಿಡಿ.

ಸಾವಯವ ಭಾಗ ಜಾಸ್ತಿಯಿದ್ದರೆ, ಸಮಯವೂ ಇದ್ದರೆ, ಜೈವಿಕ ವಿಧಾನಕ್ಕೆ ಅರ್ಥವಿದೆ. ಆಗಲೂ ಪುಡಿಗಿಂತ ಮುಖ್ಯವಾದ ವಿಷಯಗಳಿವೆ. ಪಿಎಚ್ 6.5ರಿಂದ 8.5ರೊಳಗೆ ಇದೆಯೇ? ಆಮ್ಲಜನಕ ಸಾಕಷ್ಟಿದೆಯೇ? ಸಾರಜನಕ, ರಂಜಕ ಇವೆಯೇ? ಸಕ್ಕರೆ ಕಾರ್ಖಾನೆಯ ನೀರಿನಲ್ಲಿ ಸಿಹಿ ಬೇಕಾದಷ್ಟು ಇರುತ್ತದೆ, ಈ ಎರಡು ಇರುವುದಿಲ್ಲ. 100 ಪಾಲು ಬಿಒಡಿಗೆ 5 ಪಾಲು ಸಾರಜನಕ, 1 ಪಾಲು ರಂಜಕ ಅನ್ನುವುದು ಹಳೆಯ ಲೆಕ್ಕ. ಅದಕ್ಕೇ ಯೂರಿಯಾ, ಡಿಎಪಿ ಹಾಕುತ್ತಾರೆ. ಈ ವಾತಾವರಣ ಸರಿಯಿದ್ದರೆ ಹೊಂಡದಲ್ಲೇ ಇರುವ ಬ್ಯಾಕ್ಟೀರಿಯಾ ಸಾಕಷ್ಟು ಕೆಲಸ ಮಾಡುತ್ತವೆ. ಸರಿಯಿಲ್ಲದಿದ್ದರೆ ಹೊರಗಿಂದ ತಂದವೂ ಬದುಕುವುದಿಲ್ಲ.

ಮಾರಾಟಗಾರರು ಬಂದರೆ ಒಂದೇ ಮಾತು ಕೇಳಿ: ಮೊದಲು ಮತ್ತು ಆಮೇಲೆ ಅದೇ 50 ಚೌಕಗಳಲ್ಲಿ ಅಳೆದು, ಒಣ ಪದಾರ್ಥದ ಟನ್ ಲೆಕ್ಕದಲ್ಲಿ ತೋರಿಸುತ್ತೀರಾ? ಕೆಸರಿನ ಎತ್ತರ ಮಾತ್ರ ತೋರಿಸಿದರೆ ಒಪ್ಪಬೇಡಿ. ಕೆಸರು ಒತ್ತಿಕೊಂಡು ದಪ್ಪವಾದರೂ ಎತ್ತರ ಇಳಿಯುತ್ತದೆ.

ಏರೇಟರ್ ಎರಡು ಜಾಸ್ತಿ ಹಾಕಿದರೆ ಸಾಕಲ್ಲವೇ?

ಕೆಸರಿನ ಮೇಲೆ ಏರೇಟರ್ ಓಡಿಸಿದರೆ ಕೆಸರು ಕದಡುತ್ತದೆ. ಕದಡಿದ ಕೆಸರು ಆಮ್ಲಜನಕವನ್ನೆಲ್ಲ ನುಂಗಿ, ಔಟ್‌ಲೆಟ್‌ನಲ್ಲಿ ಕಪ್ಪಗೆ ಹೊರಬರುತ್ತದೆ. ಕರೆಂಟ್ ಬಿಲ್ ಮಾತ್ರ ಏರುತ್ತದೆ. ಮೊದಲು ಜಾಗ ಮಾಡಿ, ಆಮೇಲೆ ಗಾಳಿ.

ತೆಗೆಯುವುದು ಅಂತ ತೀರ್ಮಾನಿಸಿದ್ದೇವೆ. ಪೊಕ್ಲೇನ್ ಇಳಿಸೋಣವೇ, ಡ್ರೆಡ್ಜ್ ಪಂಪ್ ತರಿಸೋಣವೇ?

ಕಾರ್ಖಾನೆ ವರ್ಷವಿಡೀ ನಡೆಯುವುದಾದರೆ ತೇಲುವ ಡ್ರೆಡ್ಜ್ (ನೀರಿನ ಮೇಲಿದ್ದು ತಳದ ಕೆಸರು ಹೀರುವ ಯಂತ್ರ) ಒಳ್ಳೆಯದು. ಹೊಂಡ ಖಾಲಿ ಮಾಡಬೇಕಿಲ್ಲ, ಶುದ್ಧೀಕರಣ ನಿಲ್ಲುವುದಿಲ್ಲ, ಲೈನರ್‌ಗೆ ಅಪಾಯ ಕಡಿಮೆ. ನೀರಿನ ನಡುವೆ ತೇಲುವ ಪರದೆ ಕಟ್ಟಿ, ಒಂದು ಪಕ್ಕ ಕೆಲಸ ಮಾಡುತ್ತ ಇನ್ನೊಂದು ಪಕ್ಕದಲ್ಲಿ ನೀರು ಹರಿಸಬಹುದು. ಹೀಗೆ ಮಾಡಿದರೆ ಕದಡಿದ ಕೆಸರು ಔಟ್‌ಲೆಟ್ ತಲುಪುವುದಿಲ್ಲ.

ಸಕ್ಕರೆ ಕಾರ್ಖಾನೆಗಳ ವಿಷಯ ಬೇರೆ. ಕಬ್ಬು ಅರೆಯುವುದು ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ. ಆಮೇಲೆ ಹೊಂಡ ಖಾಲಿ ಬಿಡಲು ಅವಕಾಶವಿದೆ. ಮೇಲಿನ ನೀರನ್ನು ಪೂರ್ತಿ ಶುದ್ಧೀಕರಿಸಿ ತೆಗೆದು, ಕೆಸರು ಅಲ್ಲೇ ಬಿಸಿಲಿಗೆ ಗಟ್ಟಿಯಾಗಲು ಬಿಟ್ಟು, ಮೆಷಿನ್‌ನಿಂದ ಎತ್ತುವುದು ಅಗ್ಗ. ಆದರೆ ಎರಡು ಎಚ್ಚರಿಕೆ. ಹೊಂಡದ ನೀರನ್ನು ಒಂದೇ ಸಲ ಬೇಗ ಇಳಿಸಿದರೆ ಒದ್ದೆಯಾದ ಏರಿ ಒಳಕ್ಕೆ ಕುಸಿಯುತ್ತದೆ. ದಿನಕ್ಕೆ ಸ್ವಲ್ಪಸ್ವಲ್ಪವೇ ಇಳಿಸಿ, ಏರಿಯಲ್ಲಿ ಬಿರುಕು ಬಂತೇ ಅಂತ ನೋಡಿಕೊಳ್ಳಿ. ಇನ್ನೊಂದು, ಪೊಕ್ಲೇನ್ ಬಕೆಟ್‌ನ ಹಲ್ಲು. ಸಾಮಾನ್ಯವಾಗಿ 1.5 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಲೈನರ್‌ಗೆ ಅದು ಒಂದೇ ಎಳೆತಕ್ಕೆ ಸೀಳು ಹಾಕುತ್ತದೆ. ಹಲ್ಲಿಲ್ಲದ ಬಕೆಟ್ ಬಳಸಿ. ಕೊನೆಯ ಒಂದಡಿ ಕೆಸರನ್ನು ನೀರಿನ ಜೆಟ್ ಮತ್ತು ಪಂಪ್‌ನಿಂದ ತೆಗೆಯಿರಿ.

ತೆಗೆದ ಕೆಸರಿನಲ್ಲಿ ಬರೀ ನೀರೇ ಇದೆಯಲ್ಲ. ಅದನ್ನು ಏನು ಮಾಡುವುದು?

ಖರ್ಚಿನ ದೊಡ್ಡ ಪಾಲು ಇರುವುದೇ ಇಲ್ಲಿ. 9,000 ಘನ ಮೀಟರ್ ಕೆಸರನ್ನು ಹಾಗೇ ಸಾಗಿಸಿದರೆ 10 ಟನ್ ಟಿಪ್ಪರ್‌ಗೆ 900 ಟ್ರಿಪ್. ಅದನ್ನೇ ಶೇ. 20 ಒಣ ಪದಾರ್ಥ ಆಗುವಷ್ಟು ಹಿಂಡಿದರೆ 2,700 ಟನ್, 270 ಟ್ರಿಪ್. ಶೇ. 50ರವರೆಗೆ ಒಣಗಿಸಿದರೆ 1,080 ಟನ್, 108 ಟ್ರಿಪ್. ಒಳಗಿರುವ ಒಣ ಪದಾರ್ಥ ಮೂರರಲ್ಲೂ ಅದೇ 540 ಟನ್.

ಹಿಂಡಲು ಸೆಂಟ್ರಿಫ್ಯೂಜ್, ಫಿಲ್ಟರ್ ಪ್ರೆಸ್, ಸ್ಕ್ರೂ ಪ್ರೆಸ್ ಇವೆ. ಜಿಯೋ ಬ್ಯಾಗ್ ಅನ್ನುವ ದೊಡ್ಡ ಬಟ್ಟೆ ಚೀಲವೂ ಇದೆ. ಕೆಸರನ್ನು ಗಂಟುಕಟ್ಟಿಸುವ ಪಾಲಿಮರ್ ಬೆರೆಸಿ ಪಂಪ್ ಮಾಡಿದರೆ ನೀರು ಚೀಲದ ರಂಧ್ರಗಳಿಂದ ಹೊರಬರುತ್ತದೆ, ಗಟ್ಟಿ ಒಳಗುಳಿಯುತ್ತದೆ. ಯಾವುದೇ ವಿಧಾನವಾಗಲಿ, ಯಾವ ಪಾಲಿಮರ್, ಎಷ್ಟು ಅನ್ನುವುದನ್ನು ಮೊದಲು ಬೀಕರ್‌ನಲ್ಲಿ ಪರೀಕ್ಷಿಸಿ.

ನನ್ನನ್ನು ಕೇಳಿದರೆ, ಜಾಗವಿದ್ದವರಿಗೆ ನಮ್ಮ ಬಿಸಿಲಿಗಿಂತ ಒಳ್ಳೆಯ ಮೆಷಿನ್ ಇಲ್ಲ. ಮರಳು, ಜಲ್ಲಿ ಹಾಸಿದ ಒಣಗಿಸುವ ಮಡಿಗಳಲ್ಲಿ 20ರಿಂದ 30 ಸೆಂಟಿಮೀಟರ್ ದಪ್ಪ ಹರಡಿದರೆ ಬೇಸಿಗೆಯಲ್ಲಿ ಸುಮಾರು ಎರಡು ವಾರಕ್ಕೆ ಸಲಿಕೆಯಿಂದ ಎತ್ತುವಂತಾಗುತ್ತದೆ. ಮಡಿಯ ತಳಕ್ಕೂ ಲೈನರ್ ಇರಬೇಕು, ಸೋರುವ ನೀರಿಗೆ ಪೈಪ್ ಇರಬೇಕು.

ಹಿಂಡಿದಾಗ ಬರುವ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಅಮೋನಿಯಾ ಮತ್ತು ಬಿಒಡಿ ಜಾಸ್ತಿ. ಅದನ್ನು ಇಟಿಪಿಯ ಮೊದಲ ಟ್ಯಾಂಕಿಗೇ ಸ್ವಲ್ಪಸ್ವಲ್ಪವಾಗಿ ವಾಪಸ್ ಬಿಡಬೇಕು. ಹಳ್ಳಕ್ಕೆ ಬಿಡುವಂತಿಲ್ಲ.

ಹೊಂಡ ಖಾಲಿ ಮಾಡಿ ಒಣಗಿಸಿದ ಮೇಲೆ ಸೋರಿಕೆ ಶುರುವಾಗಿದೆ. ಏನಾಯಿತು?

ಹೊಂಡದ ತಳ ಎರೆಮಣ್ಣಿನದೇ? ಹಾಗಿದ್ದರೆ ಉತ್ತರ ನಮ್ಮ ಹೊಲಗಳಲ್ಲೇ ಇದೆ. ಮೇ ತಿಂಗಳಲ್ಲಿ ಎರೆಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ ಅಲ್ವಾ? ಹೊಂಡದ ತಳವೂ ಹಾಗೇ ಬಿರಿಯುತ್ತದೆ. ಮತ್ತೆ ನೀರು ತುಂಬಿದಾಗ ಮಣ್ಣು ಉಬ್ಬಿ ಬಿರುಕು ಮೇಲ್ನೋಟಕ್ಕೆ ಮುಚ್ಚಿಕೊಳ್ಳುತ್ತದೆ. ಒಳಗೆ ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಮಣ್ಣಿನ ತಳದ ಹೊಂಡವನ್ನು ಪೂರ್ತಿ ಒಣಗಿಸಬೇಡಿ. ತಳದಲ್ಲಿ ಒಂದಡಿ ಒದ್ದೆ ಕೆಸರು ಅಥವಾ ನೀರು ಬಿಡಿ. ಈಗಾಗಲೇ ಬಿರಿದಿದ್ದರೆ, ಮೇಲ್ಪದರ ಅಗೆದು, ಸರಿಯಾದ ತೇವದಲ್ಲಿ ಪದರ ಪದರವಾಗಿ ರೋಲರ್ ಹೊಡೆದು, ಮೇಲೆ ಎಚ್‌ಡಿಪಿಇ ಲೈನರ್ ಹಾಕುವುದೇ ದಾರಿ.

ಕೆಳಗೆ ಯಾವ ಕಲ್ಲಿದೆ ಅನ್ನುವುದೂ ಮುಖ್ಯ. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ಕಲ್ಲಿನಲ್ಲಿ ನೀರು ಸಲೀಸಾಗಿ ಹರಿಯುತ್ತದೆ. ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಕೆಲಸ ಮಾಡಿದ್ದು ಆ ಕಲ್ಲಿನ ಇದೇ ಗುಣದಿಂದ. ಶುದ್ಧ ನೀರು ಹರಿಯುವ ದಾರಿಯಲ್ಲಿ ಕೊಳೆ ನೀರೂ ಹರಿಯುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣದಕಲ್ಲು. ಅದರ ಸೀಳುಗಳಲ್ಲಿ ನೀರು ಎಲ್ಲಿ ಇಳಿದು ಎಲ್ಲಿ ಏಳುತ್ತದೆ ಅಂತ ಹೇಳುವುದು ಕಷ್ಟ. ಇಂಥ ಕಡೆ ಲೈನರ್ ಇಲ್ಲದ ಹೊಂಡಕ್ಕೆ ನಾನು ಒಪ್ಪುವುದಿಲ್ಲ.

ಯಾವಾಗ ಶುರು ಮಾಡಬೇಕು?

ಅಳತೆ, ಲ್ಯಾಬ್ ಪರೀಕ್ಷೆ, ಅನುಮತಿ, ಗುತ್ತಿಗೆ ಎಲ್ಲ ಚಳಿಗಾಲದಲ್ಲೇ ಮುಗಿಯಲಿ. ಮಾರ್ಚ್ ಕೊನೆಗೆ ಕೆಲಸ ಶುರುವಾದರೆ ಮೃಗಶಿರಾ ಮಳೆಗೆ ಮೊದಲು ಮುಗಿಸಬಹುದು. ಏಪ್ರಿಲ್‌ನಲ್ಲಿ ಕೋಟೇಶನ್ ಕೇಳಲು ಹೊರಟರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ.

ಮಳೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 100 ಮಿಲಿಮೀಟರ್ ಮಳೆ ಬಿದ್ದರೆ ನಮ್ಮ ಉದಾಹರಣೆಯ ಹೊಂಡದ ಮೇಲೆ ಮಾತ್ರವೇ 500 ಘನ ಮೀಟರ್ ನೀರು ಸೇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಹೇಗೆ ಉಕ್ಕಿತು ಅನ್ನುವುದು ಅಫಜಲಪುರ, ಜೇವರ್ಗಿ ಕಡೆಯವರಿಗೆ ನೆನಪಿದೆ. ಏರಿಯ ಅಂಚಿಗೂ ನೀರಿಗೂ ನಡುವೆ ಕನಿಷ್ಠ ಅರ್ಧ ಮೀಟರ್ ಖಾಲಿ ಇರಲಿ. ಬಯಲಿನ ಮಳೆನೀರು ಹೊಂಡಕ್ಕೆ ನುಗ್ಗದಂತೆ ಸುತ್ತ ಕಾಲುವೆ ಇರಲಿ.

ಒಣಗಿದ ಕೆಸರನ್ನು ಎಲ್ಲಿಗೆ ಕಳಿಸಬೇಕು?

ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಒಂದು ಬಕೆಟ್ ಕೆಸರನ್ನೂ ಮೇಲೆತ್ತಬೇಡಿ. ಹೊಂಡದಿಂದ ತೆಗೆದು ಕಾಂಪೌಂಡ್ ಮೂಲೆಯಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೆ ಅದು ಹಳ್ಳ ಸೇರುತ್ತದೆ. ಹಳ್ಳದಿಂದ ಕಾರಂಜಾ, ಮಾಂಜ್ರಾ, ಕಾಗಿಣಾ, ಭೀಮಾ ಸೇರುತ್ತದೆ.

ಕೆಮಿಕಲ್ ಶುದ್ಧೀಕರಣದಿಂದ ಬರುವ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅಂಥದ್ದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಸಾಗಿಸುವಾಗ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ ಪತ್ರ) ಬೇಕು. ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿರುವಂಥ ಅನುಮತಿ ಪಡೆದ ವಿಲೇವಾರಿ ಕೇಂದ್ರಕ್ಕೇ ಹೋಗಬೇಕು. ಬೀದರ್‌ನಿಂದ ಅಷ್ಟು ದೂರ ಒದ್ದೆ ಕೆಸರು ಸಾಗಿಸುವುದು ಅಂದರೆ ಡೀಸೆಲ್ ಸುಟ್ಟು ನೀರು ಸಾಗಿಸಿದಂತೆ.

ನಮ್ಮ ಭಾಗಕ್ಕೆ ಇನ್ನೊಂದು ಅನುಕೂಲವಿದೆ. ವಾಡಿ, ಸೇಡಂ, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಗೂಡಿನೊಳಗೆ ಕಚ್ಚಾವಸ್ತು ಸುಮಾರು 1,450 ಡಿಗ್ರಿವರೆಗೆ ಕಾಯುತ್ತದೆ. ಒಣಗಿದ ಕೆಸರಿನ ಸಾವಯವ ಭಾಗ ಅಲ್ಲಿ ಇಂಧನವಾಗುತ್ತದೆ, ಬೂದಿ ಸಿಮೆಂಟ್ ಆಗುವ ಗಟ್ಟಿ, ಅಂದರೆ ಕ್ಲಿಂಕರ್‌ನಲ್ಲೇ ಸೇರಿಹೋಗುತ್ತದೆ. ಇದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಗೂಡಿನವರೂ ಸುಮ್ನೆ ಒಪ್ಪುವುದಿಲ್ಲ. ತೇವಾಂಶ, ಕ್ಲೋರಿನ್, ಪಾದರಸ, ಉಷ್ಣ ಮೌಲ್ಯ ಎಲ್ಲ ಕೇಳುತ್ತಾರೆ. ಕ್ಲೋರಿನ್ ಜಾಸ್ತಿಯಿದ್ದರೆ ಗೂಡು ಕಟ್ಟಿಕೊಳ್ಳುತ್ತದೆ. ಆದರೂ ಪ್ರಯತ್ನಿಸಲೇಬೇಕಾದ ದಾರಿ ಇದು.

ನಾನು ರೈತ. ಕಾರ್ಖಾನೆಯವರು ಕೆಸರನ್ನು ಪುಕ್ಕಟೆ ಗೊಬ್ಬರ ಅಂತ ಕೊಡುತ್ತಿದ್ದಾರೆ. ಹೊಲಕ್ಕೆ ಹಾಕಬಹುದಾ?

ಔಷಧ, ಕೆಮಿಕಲ್ ಘಟಕದ ಕೆಸರು ಬೇಡವೇ ಬೇಡ. ಯಾರು ಏನೇ ಹೇಳಲಿ, ಹೊಲದ ಬದುವಿಗೂ ಬಿಟ್ಟುಕೊಳ್ಳಬೇಡಿ.

ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ ಬೇರೆ, ಇಟಿಪಿ ಕೆಸರು ಬೇರೆ. ಪ್ರೆಸ್ ಮಡ್ ಕಬ್ಬಿನ ಹಾಲು ಸೋಸಿದಾಗ ಉಳಿಯುವುದು. ಅದನ್ನು ಕಾಂಪೋಸ್ಟ್ ಮಾಡಿ ಬಳಸುವ ರೂಢಿ ಇದೆ. ಇಟಿಪಿ ಕೆಸರಿನಲ್ಲಿ ಎಣ್ಣೆ, ಗ್ರೀಸ್, ತೊಳೆಯುವ ಸೋಡಾ, ಲೋಹದ ಅಂಶ ಇರಬಹುದು. ಲ್ಯಾಬ್ ವರದಿ ಕೇಳಿ. ಉಪ್ಪಿನಂಶ, ಸೋಡಿಯಂ, ಭಾರ ಲೋಹಗಳ ಸಂಖ್ಯೆ ಇಲ್ಲದ ವರದಿ ವರದಿಯಲ್ಲ. ಎರೆಮಣ್ಣು ನೀರನ್ನು ಹಿಡಿದಿಡುವಂತೆ ಉಪ್ಪನ್ನೂ ಹಿಡಿದಿಡುತ್ತದೆ. ಸೋಡಿಯಂ ಸೇರಿದರೆ ಮಣ್ಣು ಬಿಗಿದು ನೀರು ಇಂಗುವುದೇ ನಿಲ್ಲುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ತೊಗರಿ ಬೆಳೆಯುವ ಮಣ್ಣು ನಿಮ್ಮದು. ತೊಗರಿ ನೀರು ನಿಂತ ನೆಲವನ್ನು ತಾಳುವುದಿಲ್ಲ. ಹಾಳಾದ ಮಣ್ಣನ್ನು ಸರಿಮಾಡಲು ವರ್ಷಗಳೇ ಬೇಕು.

ಬಾವಿ ನೀರಿನ ಬಣ್ಣ ಬದಲಾಗಿದೆ. ಹೊಂಡ ಸೋರುತ್ತಿದೆ ಅಂತ ಹೇಗೆ ತಿಳಿಯುವುದು?

ಒಂದೇ ಬಾವಿ ನೋಡಿದರೆ ಸಾಲದು. ಹೊಂಡಕ್ಕಿಂತ ಎತ್ತರದಲ್ಲಿರುವ ಬಾವಿ, ಕೆಳಗಿರುವ ಬಾವಿ ಎರಡರ ನೀರನ್ನೂ ಒಂದೇ ದಿನ ಪರೀಕ್ಷಿಸಿ. ಟಿಡಿಎಸ್ (ಕರಗಿದ ಉಪ್ಪಿನಂಶ), ಕ್ಲೋರೈಡ್, ಸಿಒಡಿ (ಬಿಒಡಿಯಂತೆ ಕೊಳೆಯ ಇನ್ನೊಂದು ಅಳತೆ) ನೋಡಿ. ಕೆಳಗಿನ ಬಾವಿಯಲ್ಲಿ ಮಾತ್ರ ಏರಿದ್ದರೆ, ಮಳೆಗಾಲದ ಮೊದಲು ಮತ್ತು ಆಮೇಲೆ ಮತ್ತೆ ಪರೀಕ್ಷಿಸಿ. ಈ ಸಂಖ್ಯೆಗಳ ಜೊತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರವಣಿಗೆಯಲ್ಲೇ ದೂರು ಕೊಡಿ. ಉತ್ತರ ಬರುವವರೆಗೆ ಆ ನೀರು ಕುಡಿಯಬೇಡಿ, ಕಾಯಿಸಿದರೂ ಉಪ್ಪು, ಕೆಮಿಕಲ್ ಹೋಗುವುದಿಲ್ಲ.

ಕೆಲಸಗಾರರ ಸುರಕ್ಷತೆಗೆ ಏನು ಮಾಡಬೇಕು?

ಹೊಂಡ ಬಯಲಲ್ಲಿದೆ, ಗ್ಯಾಸ್ ಹಾರಿಹೋಗುತ್ತದೆ ಅಂತ ಅಂದುಕೊಳ್ಳುವುದು ಜೀವಕ್ಕೇ ಕುತ್ತು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಪಂಪ್ ಗುಂಡಿ, ಸಂಪ್, ಮ್ಯಾನ್‌ಹೋಲ್, ಖಾಲಿ ಹೊಂಡದ ತಗ್ಗಿನಲ್ಲಿ ಕೂತಿರುತ್ತದೆ. ಕೆಸರು ಕದಡಿದಾಗ ಒಮ್ಮೆಲೇ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಚ್ಚರ, ಹೋದರೆ ಕ್ಷೇಮ ಅನ್ನುವುದು ದೊಡ್ಡ ತಪ್ಪು. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲು) ಮುಟ್ಟಿದರೆ ಮೂಗೇ ಮಂಕಾಗುತ್ತದೆ. ವಾಸನೆ ನಿಂತಿತು ಅಂದುಕೊಂಡ ಹೊತ್ತಿಗೆ ಅಪಾಯ ಜಾಸ್ತಿಯಾಗಿರುತ್ತದೆ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಇಂಥ ಗುಂಡಿ, ಟ್ಯಾಂಕಿಗೆ ಇಳಿಸುವ ಮೊದಲು ಏನು ಮಾಡಬೇಕು ಅಂತ ಹೇಳುತ್ತಿತ್ತು. ಗ್ಯಾಸ್ ಪರೀಕ್ಷೆ ಮಾಡಿ ಲಿಖಿತ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಉಸಿರಾಟದ ಉಪಕರಣ ಹಾಕಿ, ಹಗ್ಗದ ಬೆಲ್ಟ್ ಕಟ್ಟಿ, ಹಗ್ಗದ ತುದಿ ಹೊರಗಿನವರ ಕೈಯಲ್ಲಿರಬೇಕು. ನಾಲ್ಕು ಬಗೆಯ ಗ್ಯಾಸ್ ಅಳೆಯುವ ಮೀಟರ್ ಪ್ರತಿ ತಂಡದ ಬಳಿ ಇರಲಿ. ಒಬ್ಬ ಬಿದ್ದರೆ ಇನ್ನೊಬ್ಬ ಬರಿಗೈಯಲ್ಲಿ ಇಳಿಯಬಾರದು. ಒಂದೇ ಗುಂಡಿಯಲ್ಲಿ ಎರಡು, ಮೂರು ಜೀವ ಹೋಗುವುದು ಹೀಗೆಯೇ. ಗುತ್ತಿಗೆದಾರನ ಕೂಲಿಯವರು ಅಂತ ಈ ನಿಯಮ ಸಡಿಲವಾಗುವುದಿಲ್ಲ. ಹೊಟ್ಟೆಪಾಡಿಗೆ ಬಂದವರ ಜೀವಕ್ಕೆ ಕಾರ್ಖಾನೆಯೇ ಹೊಣೆ.

ಮೇಲೆ ಒಣಗಿ ಹೆಪ್ಪುಗಟ್ಟಿದ ಕೆಸರು ನೆಲದಂತೆ ಕಾಣುತ್ತದೆ. ಕಾಲಿಟ್ಟರೆ ಎದೆಮಟ್ಟ ಹುದುಗುತ್ತದೆ. ದನ, ಮಕ್ಕಳು ಬರದಂತೆ ಸುತ್ತ ಬೇಲಿ ಹಾಕಿ, ಕನ್ನಡದಲ್ಲೇ ಬೋರ್ಡ್ ಬರೆಸಿ. ಬೇರೆ ರಾಜ್ಯದ ಕೂಲಿಯವರಿದ್ದರೆ ಅವರ ಭಾಷೆಯಲ್ಲೂ ಬರೆಸಿ.

ಕೆಸರು ತೆಗೆದ ಮೇಲೆ ಹೊಂಡ ಮತ್ತೆ ಕೆಲಸ ಮಾಡಲು ಎಷ್ಟು ದಿನ ಬೇಕು?

ಪೂರ್ತಿ ಖಾಲಿ ಮಾಡಿದ್ದರೆ ಬ್ಯಾಕ್ಟೀರಿಯಾ ಕೂಡ ಹೋಗಿರುತ್ತವೆ. ಹೊಸದಾಗಿ ಬೆಳೆಸಬೇಕು. ಕಾರ್ಖಾನೆ ಶುರುವಾಗುವ ಮೂರು, ನಾಲ್ಕು ವಾರ ಮೊದಲೇ ಸಗಣಿ ಸ್ಲರಿ ಅಥವಾ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಇಟಿಪಿಯ ಜೀವಂತ ಕೆಸರು ಹಾಕಿ. ನೀರನ್ನು ಕಾಲು ಭಾಗದಿಂದ ಶುರುಮಾಡಿ ನಿಧಾನಕ್ಕೆ ಏರಿಸಿ. ಮೊದಲ ದಿನವೇ ಪೂರ್ತಿ ಲೋಡ್ ಬಿಟ್ಟರೆ ಪಿಎಚ್ ಕುಸಿದು ಎಲ್ಲ ಹುಳಿಯಾಗುತ್ತದೆ.

ಮತ್ತೆ ಬೇಗ ತುಂಬದಂತೆ ಏನು ಮಾಡಬಹುದು?

ಬೂದಿ ನೀರನ್ನು ಲಗೂನ್‌ಗೆ ಬಿಡಬೇಡಿ, ಅದಕ್ಕೆ ಬೇರೆ ಗುಂಡಿ ಇರಲಿ. ಮರಳು ಕೂರುವ ತೊಟ್ಟಿ, ಎಣ್ಣೆ ತೆಗೆಯುವ ತೊಟ್ಟಿ ವಾರಕ್ಕೊಮ್ಮೆ ಖಾಲಿಯಾಗಲಿ. ವರ್ಷಕ್ಕೆ ಎರಡು ಸಲ ಅದೇ ಚೌಕಗಳಲ್ಲಿ ಕೆಸರು ಅಳೆದು ರಿಜಿಸ್ಟರ್‌ನಲ್ಲಿ ಬರೆಯಿರಿ. ಸ್ಪಿಲ್ ಆದ ಕಾಕಂಬಿಯನ್ನು ಪೈಪ್ ಹಿಡಿದು ತೊಳೆಯದೇ, ಮೊದಲು ಬಾಚಿ ತೆಗೆಯಿರಿ.

ಗುತ್ತಿಗೆ ಕೊಡುವಾಗ ಏನೇನು ಬರೆಸಿಕೊಳ್ಳಬೇಕು?

ಗಂಟೆಗಿಷ್ಟು, ಟ್ರಿಪ್ಪಿಗಿಷ್ಟು ಅಂತ ಒಪ್ಪಬೇಡಿ. ಹಾಗೆ ಒಪ್ಪಿದರೆ ನೀವು ಹಣ ಕೊಡುವುದು ನೀರಿಗೆ. ಒಣ ಪದಾರ್ಥದ ಟನ್ನಿಗೆ ಇಷ್ಟು ಅಂತ ದರ ಹಿಡಿಯಿರಿ. ಪ್ರತಿ ಲೋಡ್‌ನ ತೂಕ ಚೀಟಿ, ದಿನದ ತೇವಾಂಶ ಪರೀಕ್ಷೆ ಎರಡೂ ಇದ್ದರೆ ಲೆಕ್ಕ ತಾನಾಗಿ ಬರುತ್ತದೆ. ಶುರುವಿನ ಮತ್ತು ಕೊನೆಯ ಅಳತೆಯನ್ನು ಗುತ್ತಿಗೆದಾರರಲ್ಲದ ಮೂರನೆಯವರು ಮಾಡಲಿ. ಲೈನರ್ ಹರಿದರೆ ಯಾರ ಖರ್ಚು, ಮಳೆ ಬಂದು ನಿಂತರೆ ಯಾರ ಖರ್ಚು, ಗ್ಯಾಸ್ ಮೀಟರ್ ಯಾರು ತರಬೇಕು ಅಂತ ಬರೆಸಿ. ಕೆಸರು ತಲುಪಬೇಕಾದ ಜಾಗದಿಂದ ಸಹಿ ಮಾಡಿದ ಮ್ಯಾನಿಫೆಸ್ಟ್ ಪ್ರತಿ ವಾಪಸ್ ಬರುವವರೆಗೆ ಕೊನೆಯ ಕಂತು ಕೊಡಬೇಡಿ.